ಮುಖದ ಮೇಲಿನ ತುರಿಕೆ ಮತ್ತು ನೀರುಗುಳ್ಳೆ: ಕಾರಣಗಳು, ಆರೈಕೆ

ಮುಖ ಕೆಂಪಗಾಗಿ, ಊದಿಕೊಂಡು, ವಿಪರೀತ ತುರಿಸಿ, ಮೇಲೆ ನೀರು ತುಂಬಿದ ಗುಳ್ಳೆ ಏಳುವ ಲಕ್ಷಣದ ಹಿಂದೆ ಹತ್ತಾರು ಬೇರೆ ಬೇರೆ ಕಾಯಿಲೆಗಳಿರುತ್ತವೆ. ಮಾವಿನ ಸೊನೆ, ತಲೆಗೆ ಹಚ್ಚಿದ ಬಣ್ಣ, ರಾತ್ರಿ ದೀಪಕ್ಕೆ ಬಂದ ಹುಳು, ನರದೊಳಗೆ ಅಡಗಿ ಕುಳಿತ ವೈರಸ್, ಹೊಸದಾಗಿ ಶುರುಮಾಡಿದ ಮಾತ್ರೆ, ಇವುಗಳಲ್ಲಿ ಯಾವುದೂ ಕಾರಣವಾಗಬಹುದು. ಕೆಲವು ವಾರ ಹತ್ತು ದಿನದಲ್ಲಿ ತಾವಾಗಿ ಮಾಯುತ್ತವೆ. ಕೆಲವು ಕಣ್ಣಿಗೆ ಕುತ್ತು ತರುತ್ತವೆ, ಅಪರೂಪಕ್ಕೆ ಜೀವಕ್ಕೂ. ಮೊದಲ ದಿನ ಕನ್ನಡಿಯಲ್ಲಿ ಇವೆಲ್ಲ ಹೆಚ್ಚುಕಡಿಮೆ ಒಂದೇ ತರಹ ಕಾಣುವುದೇ ತೊಡಕು. ಹಾಗಾಗಿ ಗುಳ್ಳೆಯ ರೂಪಕ್ಕಿಂತ ಅದು ಮುಖದ ಯಾವ ಭಾಗದಲ್ಲಿ ಎದ್ದಿತು, ಯಾವಾಗ ಎದ್ದಿತು, ಹಿಂದಿನ ಎರಡು ಮೂರು ದಿನ ಆ ಮುಖಕ್ಕೆ ಏನೇನು ಸೋಕಿತ್ತು ಎಂಬ ವಿವರಗಳೇ ಕಾರಣ ಹಿಡಿಯಲು ಹೆಚ್ಚು ನೆರವಾಗುತ್ತವೆ. ಈ ವಿಚಾರಣೆ ಮುಗಿಯುವ ಮೊದಲೇ ಔಷಧಿ ಅಂಗಡಿಯ ಮುಲಾಮು ಹಚ್ಚಿದರೆ ಸುಳಿವುಗಳೇ ಅಳಿಸಿಹೋಗುತ್ತವೆ.

ಮುಖದ ಚರ್ಮ ಬೇರೆ

ಕಣ್ಣಿನ ರೆಪ್ಪೆಯ ಚರ್ಮ ದೇಹದಲ್ಲೇ ಅತಿ ತೆಳುವಾದದ್ದು, ಸುಮಾರು ಅರ್ಧ ಮಿಲಿಮೀಟರ್. ಅದರ ಕೆಳಗಿನ ಅಂಗಾಂಶವೂ ಸಡಿಲ. ಅದಕ್ಕೇ ರಾತ್ರಿ ಸಣ್ಣಗೆ ತುರಿಸಿದ ರೆಪ್ಪೆ ಬೆಳಗಾಗುವಷ್ಟರಲ್ಲಿ ಕಣ್ಣು ಬಿಡಲಾಗದಷ್ಟು ಊದಿರುತ್ತದೆ. ಅಂಗೈಗೆ ಏನೂ ಮಾಡದ ವಸ್ತು ಅದೇ ಕೈಯಿಂದ ಕಣ್ಣುಜ್ಜಿಕೊಂಡಾಗ ದದ್ದು ಎಬ್ಬಿಸುತ್ತದೆ. ಉಗುರಿನ ಬಣ್ಣದ ಅಲರ್ಜಿ ಬೆರಳಲ್ಲಿ ಕಾಣದೆ ರೆಪ್ಪೆಯಲ್ಲಿ ಕಾಣಿಸಿಕೊಳ್ಳುವುದು ಚರ್ಮವೈದ್ಯರಿಗೆ ಚಿರಪರಿಚಿತ. ಹಚ್ಚಿದ್ದನ್ನು ಹೀರಿಕೊಳ್ಳುವುದರಲ್ಲೂ ಮುಖ ಮುಂದು. 1967ರಲ್ಲಿ ಅಮೆರಿಕದ ಫೆಲ್ಡ್‌ಮನ್ ಮತ್ತು ಮೈಬಾಕ್ ಹೈಡ್ರೊಕಾರ್ಟಿಸೋನ್ ಔಷಧ ಚರ್ಮದ ಮೂಲಕ ಎಷ್ಟು ಒಳಹೋಗುತ್ತದೆಂದು ಅಳೆದಾಗ, ಮುಂದೋಳಿಗಿಂತ ಹಣೆ 6 ಪಟ್ಟು, ದವಡೆಯ ಭಾಗ 13 ಪಟ್ಟು ಹೀರಿಕೊಂಡಿತ್ತು. ಕೈಗೆ ಒಗ್ಗಿದ ಮುಲಾಮು ಮುಖಕ್ಕೆ ಒಗ್ಗದೆ ಹೋಗುವುದಕ್ಕೆ ಈ ಒಂದು ಅಳತೆ ಸಾಕಷ್ಟು ಉತ್ತರ ಕೊಡುತ್ತದೆ.

ಗುಳ್ಳೆ ಚರ್ಮದ ಯಾವ ಪದರದಲ್ಲಿ ಏಳುತ್ತದೆ ಎಂಬುದರ ಮೇಲೆ ಅದರ ಸ್ವಭಾವ ನಿಂತಿದೆ. ಅಲರ್ಜಿಯಲ್ಲಿ ಹೊರಚರ್ಮದ ಜೀವಕೋಶಗಳ ನಡುವೆ ನೀರು ಜಿನುಗಿ ಸಾಸಿವೆ ಗಾತ್ರದ ಗುಳ್ಳೆಗಳಾಗುತ್ತವೆ, ಕೂಡಿಕೊಂಡು ಸೋರುತ್ತವೆ. ಹರ್ಪಿಸ್ ಬಳಗದ ವೈರಸ್‌ಗಳು ಜೀವಕೋಶವನ್ನೇ ಉಬ್ಬಿಸಿ ಒಡೆಯುತ್ತವೆ. ಹೊರಚರ್ಮ ಮತ್ತು ಒಳಚರ್ಮದ ನಡುವಿನ ಬೆಸುಗೆಯೇ ಬಿಟ್ಟರೆ ಗುಳ್ಳೆ ದೊಡ್ಡದಾಗಿ, ಬಿಗಿಯಾಗಿ, ಒತ್ತಿದರೂ ಸುಲಭಕ್ಕೆ ಒಡೆಯದಂತೆ ನಿಲ್ಲುತ್ತದೆ.

ಸೊನೆ, ಗೇರು ಮತ್ತು ಹೊಲಗೇರು

ನಮ್ಮ ನಾಡಿನಲ್ಲಿ ಮುಖದ ಗುಳ್ಳೆಗೆ ಒಂದೇ ಸಸ್ಯಕುಟುಂಬ ಪದೇ ಪದೇ ಕಾರಣವಾಗುತ್ತದೆ. ಮಾವು, ಗೋಡಂಬಿ, ಕರಿಗೇರು, ಪಶ್ಚಿಮ ಘಟ್ಟದ ಹೊಲಗೇರು, ಇವೆಲ್ಲ ಒಂದೇ ಕುಲ. ಅಮೆರಿಕದ ಕಾಡುಗಳಲ್ಲಿ ಜನ ಹೆದರುವ ‘ಪಾಯ್ಸನ್ ಐವಿ’ ಬಳ್ಳಿಯೂ ಇದೇ ಕುಟುಂಬದ್ದು. ಇವುಗಳ ರಸದಲ್ಲಿರುವ ಎಣ್ಣೆಯಂಥ ರಾಸಾಯನಿಕಗಳು ಒಂದನ್ನೊಂದು ಹೋಲುತ್ತವೆ. ಹೀಗಾಗಿ ಒಂದಕ್ಕೆ ಅಲರ್ಜಿ ಬೆಳೆಸಿಕೊಂಡ ದೇಹ ಇನ್ನೊಂದಕ್ಕೂ ಕೆರಳಬಹುದು.

ಫಾಲ್ಗುಣ, ಚೈತ್ರದಲ್ಲಿ ಮಲೆನಾಡಿನ ಹೊಳೆದಂಡೆಗಳಲ್ಲಿ ಉಪ್ಪಿನಕಾಯಿಯ ಅಪ್ಪೆಮಿಡಿ ಕೊಯ್ಯುವವರನ್ನು ಗಮನಿಸಿದರೆ ಇದು ಕಣ್ಣಿಗೆ ಕಟ್ಟುತ್ತದೆ. ತೊಟ್ಟು ಮುರಿದ ಕೂಡಲೇ ಸೊನೆ ಚಿಮ್ಮುತ್ತದೆ. ಮೇಲೆ ನೋಡುತ್ತಾ ಕೊಯ್ಯುವವನ ಕೆನ್ನೆ, ಗದ್ದ, ಕತ್ತಿನ ಮೇಲೆ ಹನಿ ಬೀಳುತ್ತದೆ, ಬೆವರಿನೊಂದಿಗೆ ಇಳಿಯುತ್ತದೆ. ಹನಿ ಬಿದ್ದ ಜಾಗದಲ್ಲಿ ಕಂದು ಕಲೆ, ಇಳಿದ ದಾರಿಯಲ್ಲಿ ಗೆರೆಯಂತೆ ಕೆಂಪು, ಆಮೇಲೆ ಗೆರೆಯುದ್ದಕ್ಕೂ ಗುಳ್ಳೆಗಳ ಸಾಲು. ಹೀಗೆ ಗೆರೆ ಹಿಡಿದು ಎದ್ದ ಗುಳ್ಳೆ ಕಂಡರೆ ಹೊರಗಿನಿಂದ ಏನೋ ಸೋಕಿದೆ ಎಂದು ಬಹುಮಟ್ಟಿಗೆ ಧೈರ್ಯದಿಂದ ಹೇಳಬಹುದು. ಮಕ್ಕಳಲ್ಲಿ ಇದರ ಇನ್ನೊಂದು ರೂಪವಿದೆ. ತೊಟ್ಟಿನ ಭಾಗ ಕತ್ತರಿಸದೆ ಸಿಪ್ಪೆ ಸಮೇತ ಹಣ್ಣು ಕಚ್ಚಿ ಚೀಪಿದ ಮಗುವಿಗೆ ಮರುದಿನ ತುಟಿಯ ಸುತ್ತ ಉಂಗುರದಂತೆ ದದ್ದು ಏಳುತ್ತದೆ. ‘ಮಾವು ಉಷ್ಣ’ ಎಂದು ಹಣ್ಣನ್ನೇ ಬಿಡಿಸುವ ಮನೆಗಳುಂಟು. ತೊಳೆದು, ತೊಟ್ಟು ತೆಗೆದು, ಸಿಪ್ಪೆ ಹೆರೆದು ಕೊಟ್ಟರೆ ಅದೇ ಮಗು ಸಾಮಾನ್ಯವಾಗಿ ನಿಶ್ಚಿಂತೆಯಿಂದ ತಿನ್ನುತ್ತದೆ.

ಹೊಲಗೇರಿನ ಹಾಲು ಗಾಳಿಗೆ ಕಪ್ಪಾಗುತ್ತದೆ. ಅದನ್ನು ಕಡಿದವರಿಗೆ ಮುಖವೆಲ್ಲ ಬಾತು ಗುಳ್ಳೆ ಏಳುವುದು ಮಲೆನಾಡಿನಲ್ಲಿ ಎಲ್ಲರಿಗೂ ಗೊತ್ತಿರುವ ಸಂಗತಿ. ಇಂಥ ಕಟ್ಟಿಗೆಯ ಹೊಗೆಯೂ ಮುಖಕ್ಕೆ ಒಳ್ಳೆಯದಲ್ಲ. ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದ ಕರಿಗೇರಿನ ಬೀಜದ ರಸ ಇನ್ನೂ ಪ್ರಬಲ. ಅದನ್ನು ನೋವಿಗೆ, ಚರ್ಮದ ಕಾಯಿಲೆಗೆ ಹಸಿಯಾಗಿ ಹಚ್ಚಿಕೊಂಡು ಸುಟ್ಟುಕೊಳ್ಳುವವರು ಈಗಲೂ ಇದ್ದಾರೆ. ಕರಾವಳಿಯ ಗೋಡಂಬಿ ಕಾರ್ಖಾನೆಗಳಲ್ಲಿ ಸಿಪ್ಪೆ ಬಿಡಿಸುವ ಹೆಂಗಸರ ಬೆರಳಿಗೆ ಹತ್ತುವ ಸಿಪ್ಪೆಯೆಣ್ಣೆ, ಮುಖದ ಬೆವರು ಒರೆಸಿಕೊಂಡಾಗ ರೆಪ್ಪೆಗೆ ದಾಟುತ್ತದೆ.

ಅಲರ್ಜಿ ಹೇಗೆ ಕೆಲಸ ಮಾಡುತ್ತದೆಂದು ಇಲ್ಲೇ ಹೇಳಬೇಕು. ವಸ್ತು ಮೊದಲ ಸಲ ಸೋಕಿದಾಗ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ರೋಗನಿರೋಧಕ ಕಣಗಳು ಅದನ್ನು ಗುರುತಿಟ್ಟುಕೊಳ್ಳಲು 10ರಿಂದ 14 ದಿನ ಹಿಡಿಯುತ್ತದೆ. ಮುಂದೆ ಯಾವಾಗಲಾದರೂ ಮತ್ತೆ ಸೋಕಿದರೆ 24ರಿಂದ 48 ಗಂಟೆಯೊಳಗೆ ದದ್ದು ಏಳುತ್ತದೆ. ಸೋಕಿದ್ದು ಭಾನುವಾರ, ಗುಳ್ಳೆ ಎದ್ದದ್ದು ಮಂಗಳವಾರ. ರೋಗಿ ಮಂಗಳವಾರ ತಿಂದ ಬದನೆಕಾಯಿಯನ್ನು ದೂರುತ್ತಾನೆ, ಭಾನುವಾರದ ವಿಷಯ ಅವನಿಗೆ ನೆನಪಾಗುವುದೇ ಇಲ್ಲ.

ತಲೆಗೂದಲ ಬಣ್ಣದ ವಿಷಯದಲ್ಲಿ ಈ ತಪ್ಪೆಣಿಕೆ ದಿನನಿತ್ಯ ನಡೆಯುತ್ತದೆ. ಕಪ್ಪು ಬಣ್ಣದ ಪುಡಿ, ದ್ರವ, ‘ಕಪ್ಪು ಮೆಹಂದಿ’ ಎಂದು ಮಾರುವ ಪೊಟ್ಟಣಗಳು, ಹಲವಕ್ಕೂ ಪಿಪಿಡಿ ಎಂದು ಚಿಕ್ಕದಾಗಿ ಕರೆಯುವ ಪ್ಯಾರಾಫೀನೈಲೀನ್ ಡೈಅಮೈನ್ ಜೀವಾಳ. ಅಲರ್ಜಿಯಾದಾಗ ತಲೆಯ ಚರ್ಮಕ್ಕಿಂತ ಹಣೆಯ ಅಂಚು, ಕಿವಿ, ಕತ್ತಿನ ಹಿಂಭಾಗ, ಮೇಲ್ರೆಪ್ಪೆ ಹೆಚ್ಚು ಊದುತ್ತವೆ, ಕಿವಿಯಿಂದ ನೀರು ಸೋರುತ್ತದೆ. ಗಂಡಸರಲ್ಲಿ ಮೀಸೆಯ ಜಾಗದಲ್ಲಿ ಶುರುವಾಗುವುದೂ ಉಂಟು. ‘ಇಪ್ಪತ್ತು ವರ್ಷದಿಂದ ಇದೇ ಹಚ್ಚುತ್ತಿದ್ದೇನೆ, ಇದರಿಂದ ಆಗಿರಲಾರದು’ ಎಂದು ರೋಗಿ ವಾದಿಸುವುದು ಸಹಜ. ಆದರೆ ಇಪ್ಪತ್ತು ವರ್ಷ ಒಗ್ಗಿದ್ದು ಇಪ್ಪತ್ತೊಂದನೆಯ ವರ್ಷ ಒಗ್ಗದೆ ಹೋಗಬಹುದು. ಪೊಟ್ಟಣದ ಮೇಲೆ ಬರೆದಿರುವಂತೆ ಕಿವಿಯ ಹಿಂದೆ ಚೂರು ಹಚ್ಚಿ 48 ಗಂಟೆ ಕಾಯುವುದು ಅಂಥ ಕಷ್ಟದ ಕೆಲಸವೇನಲ್ಲ. ಒಮ್ಮೆ ಕೆರಳಿದವರಂತೂ ಪಿಪಿಡಿ ಇರುವ ಯಾವುದನ್ನೂ ಮತ್ತೆ ಮುಟ್ಟಬಾರದು. ಹಣೆಯ ನಡುವೆ ದುಂಡಗೆ ತುರಿಸಿ ಬಿಳಿಚಿಕೊಂಡರೆ ಅಂಟುಬಿಂದಿಯ ಗೋಂದನ್ನೂ, ಕನ್ನಡಕ ಕೂರುವ ಜಾಗದಲ್ಲಾದರೆ ಅದರ ಚೌಕಟ್ಟಿನ ನಿಕ್ಕಲ್ ಲೋಹವನ್ನೂ ಅನುಮಾನಿಸಬೇಕು.

ಕಾಂಗ್ರೆಸ್ ಗಿಡ

ಜನ ಕಾಂಗ್ರೆಸ್ ಗಿಡವೆಂದು ಕರೆಯುವ ಪಾರ್ಥೇನಿಯಂ 1950ರ ದಶಕದಲ್ಲಿ ಪುಣೆಯಲ್ಲಿ ಗಮನಕ್ಕೆ ಬಂದು, ಕೆಲವೇ ದಶಕಗಳಲ್ಲಿ ಕರ್ನಾಟಕದ ಹೊಲ, ರಸ್ತೆಬದಿ, ಖಾಲಿ ಸೈಟುಗಳನ್ನೆಲ್ಲ ಆವರಿಸಿತು. ಅದರ ಎಲೆ, ಕಾಂಡದ ಸಣ್ಣ ರೋಮಗಳಲ್ಲಿ ಪಾರ್ಥೆನಿನ್ ಎಂಬ ರಾಸಾಯನಿಕವಿದೆ. ಗಿಡ ಒಣಗಿ ಪುಡಿಯಾಗಿ ಗಾಳಿಗೆ ಹಾರಿದಾಗ ಮುಟ್ಟದವರಿಗೂ ತೊಂದರೆ ಕೊಡುತ್ತದೆ. ಸಾಮಾನ್ಯವಾಗಿ ಮಧ್ಯವಯಸ್ಸು ದಾಟಿದ ರೈತರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಇದು ಹೆಚ್ಚು. ರೆಪ್ಪೆ, ಕಿವಿಯ ಹಿಂದೆ, ಕತ್ತಿನ ಮಡಿಕೆ, ಮೊಣಕೈ ಮಡಿಕೆಗಳಲ್ಲಿ ಮೊದಲು ತುರಿಸಿ ನೀರಾಡುತ್ತದೆ. ಬಿಸಿಲಿನ ಅಲರ್ಜಿಯಲ್ಲಿ ನೆರಳು ಬೀಳುವ ರೆಪ್ಪೆ, ಕಿವಿಯ ಹಿಂಭಾಗ, ಗದ್ದದ ಕೆಳಭಾಗ ಉಳಿದುಕೊಳ್ಳುತ್ತವೆ. ಗಾಳಿಯಲ್ಲಿ ಬರುವ ಧೂಳು ಅವನ್ನೂ ಬಿಡುವುದಿಲ್ಲ. ಮೊದಮೊದಲು ಋತುವಿಗೊಮ್ಮೆ ಬಂದುಹೋಗುವ ಕಾಯಿಲೆ ಕ್ರಮೇಣ ವರ್ಷವಿಡೀ ನಿಂತು, ಮುಖದ ಚರ್ಮ ದಪ್ಪಗಾಗಿ ಸುಕ್ಕುಗಟ್ಟಿ, ಮನುಷ್ಯನ ಗುರುತೇ ಸಿಗದಂತಾಗುತ್ತದೆ. ಹೊಲ ಬಿಟ್ಟು ಬದುಕಲಾಗದ, ಹೊಲಕ್ಕೆ ಹೋದರೆ ರಾತ್ರಿ ನಿದ್ದೆಯಿಲ್ಲದ ಇಂಥ ರೈತರ ಸಂಕಟ ಹೊರಗಿನವರಿಗೆ ಅರ್ಥವಾಗುವುದು ಕಷ್ಟ. ಕಳೆಯನ್ನು ಹೂ ಬಿಡುವ ಮೊದಲೇ ಬೇರೆಯವರಿಂದ ಕೀಳಿಸುವುದು, ತುಂಬುತೋಳಿನ ಅಂಗಿ, ಮುಖಕ್ಕೆ ಬಟ್ಟೆ, ಮನೆಗೆ ಬಂದೊಡನೆ ಸ್ನಾನ, ತೀವ್ರವಾದರೆ ರಕ್ತಪರೀಕ್ಷೆ ಮಾಡಿಸುತ್ತಾ ತಿಂಗಳುಗಟ್ಟಲೆ ಅಜಥಯೊಪ್ರಿನ್ ಮಾತ್ರೆ, ಇವು ಚಿಕಿತ್ಸೆಯ ಹಾದಿ. ಗಿಡವನ್ನು ತಿನ್ನುವ ಮೆಕ್ಸಿಕೊದ ಜೀರುಂಡೆಯನ್ನು 1984ರಲ್ಲಿ ಬೆಂಗಳೂರಿನಲ್ಲಿ ಬಿಡಲಾಯಿತು. ಮಳೆಗಾಲದಲ್ಲಿ ಅದು ಎಲೆ ಬರಿದು ಮಾಡುತ್ತದೆ, ಆದರೆ ಕಳೆಯನ್ನು ಪೂರ್ತಿ ಗೆಲ್ಲಲು ಆಗಿಲ್ಲ.

ದೀಪಕ್ಕೆ ಬರುವ ಹುಳು

ಮಳೆ ಬಿದ್ದ ಮೇಲೆ ಗದ್ದೆ, ಕೆರೆ ಸಮೀಪದ ಹಾಸ್ಟೆಲು, ಮನೆಗಳಲ್ಲಿ ಬೆಳಿಗ್ಗೆ ಎದ್ದವರ ಕೆನ್ನೆ, ಕತ್ತಿನ ಮೇಲೆ ಚಾಟಿಯಲ್ಲಿ ಬಾರಿಸಿದಂಥ ಕೆಂಪು ಪಟ್ಟಿ ಕಾಣಿಸಿಕೊಳ್ಳುತ್ತದೆ. ಜನ ಇದನ್ನು ಜೇಡ ಉಚ್ಚೆ ಹೊಯ್ದದ್ದು ಎನ್ನುತ್ತಾರೆ, ಸರ್ಪಸುತ್ತು ಎಂದೂ ಹೆದರುತ್ತಾರೆ. ನಿಜವಾದ ಕಾರಣ ಪೀಡರಸ್ ಎಂಬ ಜೀರುಂಡೆ. ಉದ್ದ ಒಂದು ಸೆಂಟಿಮೀಟರಿಗೂ ಕಡಿಮೆ. ತಲೆ, ಬಾಲದ ತುದಿ ಕಪ್ಪು, ನಡುವೆ ಕಿತ್ತಳೆ, ಬೆನ್ನಿನ ಮೇಲೆ ನೀಲಿಗಪ್ಪಿನ ಗಿಡ್ಡ ರೆಕ್ಕೆ. ನೋಡಲು ದೊಡ್ಡ ಇರುವೆಯ ಹಾಗಿರುತ್ತದೆ. ಅದು ಕಚ್ಚುವುದಿಲ್ಲ, ಚುಚ್ಚುವುದಿಲ್ಲ. ನಿದ್ದೆಯಲ್ಲಿ ಮುಖದ ಮೇಲೆ ಹರಿದಾಗ ನಾವು ಕೈಯಿಂದ ಉಜ್ಜಿ ಸಾಯಿಸಿದರೆ ಅದರ ಮೈಯೊಳಗಿನ ಪೆಡೆರಿನ್ ವಿಷ ಚರ್ಮಕ್ಕೆ ಹತ್ತುತ್ತದೆ. ಆ ವಿಷವನ್ನು ತಯಾರಿಸುವುದು ಹುಳುವೂ ಅಲ್ಲ, ಅದರೊಳಗೆ ವಾಸಿಸುವ ಬ್ಯಾಕ್ಟೀರಿಯಾ.

ಉಜ್ಜಿದ ದಿಕ್ಕಿನಲ್ಲಿ ಒಂದು ದಿನದ ನಂತರ ಪಟ್ಟಿ ಮೂಡುತ್ತದೆ, ಮರುದಿನ ಅದರ ನಡುವೆ ಬೂದು ಬಣ್ಣದ ಸಣ್ಣ ಗುಳ್ಳೆ, ಕೀವುಗುಳ್ಳೆಗಳು. ತುರಿಕೆಗಿಂತ ಉರಿ ಜಾಸ್ತಿ. ಕತ್ತು ಮಡಿಸಿದಾಗ ಒಂದಕ್ಕೊಂದು ತಾಗುವ ಎರಡು ಭಾಗಗಳಲ್ಲಿ ಅಚ್ಚೊತ್ತಿದಂತೆ ಜೋಡಿ ಗಾಯ ಕಾಣುವುದು ಇದರ ಖಚಿತ ಗುರುತು. ಕೈಗೆ ಹತ್ತಿದ ವಿಷ ಕಣ್ಣಿಗೆ ತಾಗಿದರೆ ಕಣ್ಣು ಕೆಂಪಾಗಿ ಊದುತ್ತದೆ. 2022ರ ಜುಲೈನಲ್ಲಿ ಸಿಕ್ಕಿಂನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ನೂರರಷ್ಟು ವಿದ್ಯಾರ್ಥಿಗಳಿಗೆ ಹೀಗಾದಾಗ ಪತ್ರಿಕೆಗಳು ‘ನೈರೋಬಿ ನೊಣ’ ಎಂದು ಬರೆದವು. ಅದು ನೊಣವಲ್ಲ, ಇದೇ ಜೀರುಂಡೆ. ಸಾಬೂನು ನೀರಿನಲ್ಲಿ ತೊಳೆದು, ತಣ್ಣೀರ ಬಟ್ಟೆ ಹಾಕಿದರೆ ಹತ್ತು ದಿನದಲ್ಲಿ ಮಾಯುತ್ತದೆ, ಕಪ್ಪು ಕಲೆ ಕೆಲವು ತಿಂಗಳು ಉಳಿಯುತ್ತದೆ. ಮೈಮೇಲೆ ಹರಿದ ಹುಳುವನ್ನು ಊದಿ ಅಥವಾ ಕಾಗದದಿಂದ ಎತ್ತಿ ಬಿಡಬೇಕು. ಭತ್ತದ ಗದ್ದೆಯಲ್ಲಿ ಜಿಗಿಹುಳುಗಳನ್ನು ತಿಂದು ರೈತನಿಗೆ ಉಪಕಾರ ಮಾಡುವ ಪ್ರಾಣಿ ಇದು. ಮಲಗುವ ಕೋಣೆಯ ಕಿಟಕಿಗೆ ಜಾಲರಿ ಹಾಕಿ, ರಾತ್ರಿ ದೀಪ ಆರಿಸಿದರೆ ಇಬ್ಬರಿಗೂ ಕ್ಷೇಮ.

ಸರ್ಪಸುತ್ತು ಮತ್ತು ಕಣ್ಣು

ಬಾಲ್ಯದಲ್ಲಿ ಸೀತಾಳೆ ಸಿಡುಬು ತಂದ ವೈರಸ್ ದೇಹ ಬಿಟ್ಟು ಹೋಗುವುದಿಲ್ಲ. ನರಗಳ ಬುಡದಲ್ಲಿ ದಶಕಗಟ್ಟಲೆ ಸುಮ್ಮನಿದ್ದು, ವಯಸ್ಸಾದಾಗ ಅಥವಾ ರೋಗನಿರೋಧಕ ಶಕ್ತಿ ಕುಗ್ಗಿದಾಗ ಒಂದೇ ನರದ ಹಾದಿ ಹಿಡಿದು ಹೊರಬರುತ್ತದೆ. ಮುಖದಲ್ಲಾದರೆ ಮೊದಲು ಎರಡು ಮೂರು ದಿನ ಹಣೆಯ ಒಂದು ಬದಿ ಜುಮುಗುಟ್ಟಿ, ಉರಿದು, ಸಿಡಿಯುತ್ತದೆ. ತಲೆನೋವೆಂದು ಮಾತ್ರೆ ನುಂಗುತ್ತಾರೆ. ನಂತರ ಆ ಬದಿಯಲ್ಲಿ ಮಾತ್ರ ಗೊಂಚಲು ಗೊಂಚಲಾಗಿ ಗುಳ್ಳೆ. ಮುಖದ ನಡುಗೆರೆಯನ್ನು ಅದು ದಾಟುವುದಿಲ್ಲ. ಈ ಒಂದು ಲಕ್ಷಣ ನೆನಪಿದ್ದರೆ ಸಾಮಾನ್ಯರೂ ಇದನ್ನು ಗುರುತಿಸಬಹುದು.

ಸರ್ಪಸುತ್ತಿನ ನೂರು ರೋಗಿಗಳಲ್ಲಿ 10ರಿಂದ 20 ಮಂದಿಗೆ ಅದು ಹಣೆ ಮತ್ತು ಕಣ್ಣಿನ ನರದಲ್ಲಿ ಬರುತ್ತದೆ. ಮೂಗಿನ ತುದಿ ಅಥವಾ ಪಕ್ಕದಲ್ಲಿ ಗುಳ್ಳೆಯಿದ್ದರೆ ಕಣ್ಣಿನೊಳಗೂ ಕಾಯಿಲೆ ಇಳಿಯುವ ಸಂಭವ ಹೆಚ್ಚು, ಏಕೆಂದರೆ ಮೂಗಿನ ತುದಿಗೂ ಕಣ್ಣುಗುಡ್ಡೆಗೂ ಒಂದೇ ನರದ ಕವಲು ಹೋಗುತ್ತದೆ. 19ನೇ ಶತಮಾನದ ಇಂಗ್ಲಿಷ್ ವೈದ್ಯ ಜೊನಾಥನ್ ಹಚಿನ್ಸನ್ ತೋರಿಸಿಕೊಟ್ಟ ಈ ಗುರುತನ್ನು ಇಂದಿಗೂ ಅವರ ಹೆಸರಿನಿಂದ ಕರೆಯುತ್ತಾರೆ. ಕಿವಿಯೊಳಗೆ ಗುಳ್ಳೆಯೆದ್ದು ಬಾಯಿ ಸೊಟ್ಟಗಾದರೆ ಅದೂ ಇದೇ ವೈರಸ್ಸಿನ ಕೆಲಸ.

ಹಾವಿನ ತಲೆ ಬಾಲ ಕೂಡಿದರೆ ಸಾವು ಎಂಬ ಭಯದಲ್ಲಿ ಕೆಮ್ಮಣ್ಣು ಬರೆಸಲು, ಮಂತ್ರ ಹಾಕಿಸಲು ಜನ ಅಲೆಯುತ್ತಾರೆ. ಕೆಮ್ಮಣ್ಣಿನಿಂದ ಗುಳ್ಳೆ ಒಣಗಿದ ಹಾಗೆ ಕಾಣುವುದು ನಿಜ, ಏಕೆಂದರೆ ಸರ್ಪಸುತ್ತಿನ ಗುಳ್ಳೆ ಏನೂ ಮಾಡದಿದ್ದರೂ ಎರಡು ಮೂರು ವಾರಕ್ಕೆ ಒಣಗುತ್ತದೆ. ಆ ಅಲೆದಾಟದಲ್ಲಿ ಕಳೆದುಹೋಗುವುದು ಮೊದಲ 72 ಗಂಟೆ. ಅಷ್ಟರೊಳಗೆ ಎಸೈಕ್ಲೋವಿರ್ 800 ಮಿಲಿಗ್ರಾಂ ದಿನಕ್ಕೆ ಐದು ಸಲದಂತೆ ಏಳು ದಿನ, ಅಥವಾ ಅದೇ ಬಳಗದ ಬೇರೆ ಮಾತ್ರೆಯನ್ನು ವೈದ್ಯರು ಶುರುಮಾಡಿದರೆ ಕಣ್ಣಿಗಾಗುವ ಹಾನಿ ಕಡಿಮೆಯಾಗುತ್ತದೆ. ಮೂತ್ರಪಿಂಡದ ತೊಂದರೆ ಇರುವವರಿಗೆ ಪ್ರಮಾಣ ಬದಲಾಗುತ್ತದೆ. ಕಣ್ಣಿನ ಸುತ್ತ ಬಂದವರಿಗೆ ಮೂರು ದಿನ ಮೀರಿದ್ದರೂ ಔಷಧ ಕೊಡುವುದುಂಟು, ಆದ್ದರಿಂದ ತಡವಾಯಿತೆಂದು ಸುಮ್ಮನಿರಬಾರದು. ಗುಳ್ಳೆ ಒಣಗಿದ ಮೇಲೂ ತಿಂಗಳುಗಟ್ಟಲೆ ಕಾಡುವ ನರನೋವು ವಯಸ್ಸಾದವರಿಗೆ ಹೆಚ್ಚು. 50 ದಾಟಿದವರಿಗೆ ಎರಡು ಡೋಸಿನ ತಡೆಲಸಿಕೆ ಈಗ ಭಾರತದಲ್ಲೂ ಸಿಗುತ್ತದೆ.

ಮಕ್ಕಳ ಮುಖ

ಮೂಗು, ಬಾಯಿಯ ಸುತ್ತ ಎದ್ದ ಗುಳ್ಳೆ ಬೇಗ ಒಡೆದು ಜೇನಿನ ಬಣ್ಣದ ಹಕ್ಕಳೆ ಕಟ್ಟಿದರೆ ಅದು ಬ್ಯಾಕ್ಟೀರಿಯಾದ ಸೋಂಕು, ಇಂಪೆಟೈಗೊ. ಒಂದು ಮಗುವಿನಿಂದ ಟವೆಲು, ಬೆರಳಿನ ಮೂಲಕ ಮನೆಯ ಎಲ್ಲ ಮಕ್ಕಳಿಗೂ ಹಬ್ಬುತ್ತದೆ. ಹಕ್ಕಳೆಯನ್ನು ಉಗುರುಬೆಚ್ಚನೆ ನೀರಿನಲ್ಲಿ ನೆನೆಸಿ ತೆಗೆದು, ವೈದ್ಯರು ಹೇಳಿದ ಮ್ಯುಪಿರೋಸಿನ್‌ನಂಥ ಮುಲಾಮು ಹಚ್ಚಿದರೆ ವಾರದಲ್ಲಿ ಗುಣ. ಆಮೇಲೆ ಮುಖ ಬಾತು ಮೂತ್ರ ಕೆಂಪಾದರೆ ಮೂತ್ರಪಿಂಡ ಪರೀಕ್ಷಿಸಬೇಕು. ಸೀತಾಳೆ ಸಿಡುಬಿನಲ್ಲಿ ಗುಳ್ಳೆ ಮುಖಕ್ಕಿಂತ ಮೈಯಲ್ಲಿ ಹೆಚ್ಚು, ಜ್ವರವಿರುತ್ತದೆ; ‘ಅಮ್ಮ’ ಬಂದ ಮಗುವಿಗೆ ಸ್ನಾನ ಮಾಡಿಸಬಹುದು, ಆದರೆ ಆಸ್ಪಿರಿನ್ ಕೊಡಬಾರದು. ಕೆನ್ನೆಯಲ್ಲಿ ಮೊದಲೇ ಇಸುಬು ಇರುವ ಕೂಸಿಗೆ, ತುಟಿಯಲ್ಲಿ ಜ್ವರದ ಗುಳ್ಳೆ ಇರುವ ದೊಡ್ಡವರು ಮುತ್ತಿಡದಿರುವುದು ಒಳ್ಳೆಯದು. ಆ ಹರ್ಪಿಸ್ ವೈರಸ್ ಇಸುಬಿನ ಮೇಲೆ ಹರಡಿ, ಒಂದೇ ಗಾತ್ರದ ಗುಂಡು ಗಾಯಗಳೆದ್ದು, ಮಗು ಜ್ವರದಿಂದ ಸೊರಗಿದರೆ ಅಂದೇ ಆಸ್ಪತ್ರೆಗೆ ಒಯ್ಯಬೇಕು.

ಅಪರೂಪ, ಆದರೆ ಗಂಭೀರ

ಪೆಂಫಿಗಸ್‌ನಲ್ಲಿ ಚರ್ಮದ ಜೀವಕೋಶಗಳನ್ನು ಹಿಡಿದಿಡುವ ಪ್ರೋಟೀನಿನ ಮೇಲೆ ದೇಹವೇ ದಾಳಿ ಮಾಡುತ್ತದೆ. ಎಷ್ಟೋ ತಿಂಗಳು ವಾಸಿಯಾಗದ ಬಾಯಿಹುಣ್ಣಿನಿಂದ ಶುರುವಾಗಿ, ಮುಖ, ತಲೆ, ಎದೆಯಲ್ಲಿ ಮುಟ್ಟಿದರೆ ಒಡೆಯುವ ಸಡಿಲ ಗುಳ್ಳೆಗಳೇಳುತ್ತವೆ. ಸ್ಟಿರಾಯ್ಡ್ ಬರುವ ಮೊದಲು ಇದು ಬಹುತೇಕ ಮರಣಾಂತಿಕವಾಗಿತ್ತು. 1980ರ ದಶಕದಲ್ಲಿ ದೆಹಲಿಯ ಏಮ್ಸ್‌ನ ಡಾ. ಜೆ. ಎಸ್. ಪಸ್ರೀಚಾ ರೂಪಿಸಿದ, ತಿಂಗಳಿಗೊಮ್ಮೆ ದೊಡ್ಡ ಪ್ರಮಾಣದಲ್ಲಿ ಔಷಧ ಕೊಡುವ ‘ಪಲ್ಸ್’ ಪದ್ಧತಿ ದೇಶದಾದ್ಯಂತ ಸಾವಿರಾರು ಜೀವ ಉಳಿಸಿತು. ಈಗ ರಿಟುಕ್ಸಿಮ್ಯಾಬ್ ಚುಚ್ಚುಮದ್ದೂ ಇದೆ.

ಮಾತ್ರೆಗಳ ವಿಷಮ ಪರಿಣಾಮ ಇದಕ್ಕಿಂತ ತುರ್ತಿನದು. ಫಿಟ್ಸ್‌ಗೆ ಕೊಡುವ ಕಾರ್ಬಮಜೆಪಿನ್, ಫೆನಿಟಾಯಿನ್, ಯೂರಿಕ್ ಆಮ್ಲಕ್ಕೆ ಕೊಡುವ ಅಲೊಪ್ಯುರಿನಾಲ್, ಸಲ್ಫಾ ಔಷಧಗಳನ್ನು ಶುರುಮಾಡಿದ ಒಂದರಿಂದ ಮೂರು ವಾರದಲ್ಲಿ ಜ್ವರ ಬಂದು, ಕಣ್ಣು ಕೆಂಪಾಗಿ, ತುಟಿ ಬಾಯಿ ಸುಲಿದು, ಮುಖದಲ್ಲಿ ನೋಯುವ ಕಪ್ಪುಗೆಂಪು ಕಲೆಗಳ ಮೇಲೆ ಗುಳ್ಳೆ ಎದ್ದರೆ ಅದು ಸ್ಟೀವನ್ಸ್–ಜಾನ್ಸನ್ ಸಿಂಡ್ರೋಮ್ ಇರಬಹುದು. ಆ ಗಳಿಗೆಯಲ್ಲೇ ಹೊಸ ಮಾತ್ರೆ ನಿಲ್ಲಿಸಿ, ಪೊಟ್ಟಣ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಹೋಗಬೇಕು.

ಪತ್ತೆ

ಗುಳ್ಳೆಯ ತಳ ಕೆರೆದು ಗಾಜಿನ ಪಟ್ಟಿಯ ಮೇಲೆ ಬಣ್ಣ ಹಾಕಿ ನೋಡುವ ಟ್ಜಾಂಕ್ ಪರೀಕ್ಷೆ ಅಗ್ಗ, ತ್ವರಿತ. ಹರ್ಪಿಸ್ ಬಳಗವನ್ನೂ ಪೆಂಫಿಗಸ್ಸನ್ನೂ ಬೇರ್ಪಡಿಸಲು ನೆರವಾಗುತ್ತದೆ. ಅಲರ್ಜಿಗೆ ಪ್ಯಾಚ್ ಪರೀಕ್ಷೆ. ಅನುಮಾನದ ವಸ್ತುಗಳನ್ನು ಬೆನ್ನಿಗೆ ಅಂಟಿಸಿ, 48 ಗಂಟೆಯ ಬಳಿಕ ತೆಗೆದು, ಮತ್ತೆ ಒಂದೆರಡು ದಿನ ಬಿಟ್ಟು ನೋಡುತ್ತಾರೆ. ಮುಖ ಕೆರಳಿರುವಾಗ ಇದನ್ನು ಮಾಡುವುದಿಲ್ಲ.

ಮನೆಯಲ್ಲಿ ಮಾಡಬೇಕಾದದ್ದು

ಸೊನೆ, ಬಣ್ಣ, ಹುಳು ಏನೇ ಸೋಕಿದ್ದರೂ ಮೊದಲ ಹತ್ತು ಹದಿನೈದು ನಿಮಿಷದೊಳಗೆ ಸಾಬೂನು ಹಚ್ಚಿ ಧಾರಾಳ ನೀರಿನಲ್ಲಿ ತೊಳೆಯುವುದಕ್ಕೆ ಸಮನಾದ ಚಿಕಿತ್ಸೆಯಿಲ್ಲ. ಉಗುರಿನ ಸಂದು, ಕುಡುಗೋಲಿನ ಹಿಡಿ, ಹೆಗಲ ಟವೆಲು ತೊಳೆಯದಿದ್ದರೆ ಅಲ್ಲಿಂದ ಮತ್ತೆ ಮುಖಕ್ಕೆ ಬರುತ್ತದೆ. ಗುಳ್ಳೆ ಎದ್ದು ಸೋರುತ್ತಿದ್ದರೆ, ಕುದಿಸಿ ಆರಿಸಿದ ಅರ್ಧ ಲೀಟರ್ ನೀರಿಗೆ ಒಂದು ಟೀ ಚಮಚ ಉಪ್ಪು ಹಾಕಿ, ಮೆತ್ತನೆಯ ಹತ್ತಿಬಟ್ಟೆ ಅದ್ದಿ, ಸ್ವಲ್ಪ ಹಿಂಡಿ, ಕಣ್ಣು ಮುಚ್ಚಿ ಮುಖದ ಮೇಲೆ ಹರಡಿಕೊಳ್ಳಬೇಕು. ಬಟ್ಟೆ ಬೆಚ್ಚಗಾದಂತೆ ಮತ್ತೆ ಅದ್ದುತ್ತಾ ಹತ್ತು ಹದಿನೈದು ನಿಮಿಷ, ದಿನಕ್ಕೆ ಮೂರು ನಾಲ್ಕು ಸಲ. ಎರಡೇ ದಿನದಲ್ಲಿ ಸೋರುವುದು ನಿಂತು ತುರಿಕೆ ಇಳಿಯುತ್ತದೆ. ಒಣಗಿದ ಮೇಲೆ ವ್ಯಾಸಲೀನ್ ಸಾಕು. ಗುಳ್ಳೆಯನ್ನು ಸೂಜಿಯಿಂದ ಒಡೆಯಬಾರದು, ಮೇಲಿನ ಚರ್ಮವೇ ಅದಕ್ಕೆ ಉತ್ತಮ ಕವಚ. ರಾತ್ರಿಯ ತುರಿಕೆಗೆ ಸೆಟಿರಿಜಿನ್‌ನಂಥ ಮಾತ್ರೆಯಿಂದ ಸ್ವಲ್ಪ ಆರಾಮ ಸಿಗಬಹುದು. ಅಲರ್ಜಿಯ ಗುಳ್ಳೆಯ ನೀರು ತಾಗಿದರೆ ಹರಡುತ್ತದೆಂಬ ನಂಬಿಕೆ ಸರಿಯಲ್ಲ; ಸರ್ಪಸುತ್ತಿನ ನೀರು ಮಾತ್ರ ಸೀತಾಳೆ ಸಿಡುಬು ಬಾರದವರಿಗೆ ಅದನ್ನು ಅಂಟಿಸಬಲ್ಲದು. ಸರ್ಪಸುತ್ತು ಎದ್ದವರು ಬಸುರಿಯರಿಂದ, ಹಸುಗೂಸಿನಿಂದ ದೂರವಿರಬೇಕು.

ನಿಂಬೆರಸ, ಜಜ್ಜಿದ ಬೆಳ್ಳುಳ್ಳಿ, ಎಕ್ಕದ ಹಾಲು, ಟೂತ್‌ಪೇಸ್ಟ್ ಯಾವುದೂ ಬೇಡ. ನಿಂಬೆರಸ ಹಚ್ಚಿ ಬಿಸಿಲಿಗೆ ಹೋದರೆ ಹೊಸ ಗುಳ್ಳೆ ಏಳುತ್ತದೆ, ಬೆಳ್ಳುಳ್ಳಿ ಚರ್ಮ ಸುಡುತ್ತದೆ, ಎಕ್ಕದ ಹಾಲು ಕಣ್ಣಿಗೆ ಬಿದ್ದರೆ ದೃಷ್ಟಿ ಮಂಜಾಗುತ್ತದೆ. ಕಣ್ಣು ಕೆಂಪಾದರೆ, ನೋಟ ಮಸುಕಾದರೆ, ಮೂಗಿನ ತುದಿಗೆ ಗುಳ್ಳೆ ಬಂದರೆ, ಜ್ವರವಿದ್ದರೆ, ಬಾಯೊಳಗೂ ಹುಣ್ಣಾದರೆ ಮನೆಮದ್ದಿನ ಮಾತೇ ಇಲ್ಲ.

ಸ್ಟಿರಾಯ್ಡ್ ಮುಲಾಮು

ಅಲರ್ಜಿಯೆಂದು ಖಚಿತವಾದಾಗ ಸೌಮ್ಯ ಸ್ಟಿರಾಯ್ಡ್, ಉದಾಹರಣೆಗೆ ಶೇ. 1ರ ಹೈಡ್ರೊಕಾರ್ಟಿಸೋನ್, ಐದಾರು ದಿನ ಹಚ್ಚುವುದು ಸರಿಯಾದ ಚಿಕಿತ್ಸೆಯೇ. ಮುಖವೆಲ್ಲ ಬಾತಿದ್ದರೆ ವೈದ್ಯರು ಪ್ರೆಡ್ನಿಸೊಲೋನ್ ಮಾತ್ರೆಯನ್ನು ಎರಡು ಮೂರು ವಾರದಲ್ಲಿ ಇಳಿಸುತ್ತಾ ಕೊಡುತ್ತಾರೆ. ಮೂರೇ ದಿನಕ್ಕೆ ನಿಲ್ಲಿಸಿದರೆ ಗುಳ್ಳೆ ಮರುಕಳಿಸುತ್ತದೆ. ಹಾನಿಯಾಗುತ್ತಿರುವುದು ಬೇರೆ ಕಡೆ. ಬೀಟಾಮೆಥಸೋನ್, ಕ್ಲೊಬೆಟಸಾಲ್‌ನಂಥ ಪ್ರಬಲ ಸ್ಟಿರಾಯ್ಡ್‌ಗೆ ಫಂಗಸ್ ಔಷಧ, ಆಂಟಿಬಯಾಟಿಕ್ ಬೆರೆಸಿದ ಟ್ಯೂಬುಗಳನ್ನು ಚೀಟಿಯಿಲ್ಲದೆ ಕೊಂಡು ಜನ ಮುಖಕ್ಕೆ ಹಚ್ಚುತ್ತಾರೆ. ಹರ್ಪಿಸ್ ಇದ್ದರೆ ಅದು ಕಣ್ಣಿಗೆ ಹರಡುತ್ತದೆ, ಹುಳುಕಡ್ಡಿ ಇದ್ದರೆ ಗುರುತು ಸಿಗದಂತೆ ಬೆಳೆಯುತ್ತದೆ. ಬೆಳ್ಳಗಾಗಲೆಂದು ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ರಕ್ತನಾಳ ಎದ್ದು ಕಂಡು, ಮೊಡವೆ ತುಂಬಿ, ಹೆಂಗಸರಿಗೂ ಕೂದಲು ಬೆಳೆಯುತ್ತದೆ. ಚರ್ಮವೈದ್ಯರ ರಾಷ್ಟ್ರೀಯ ಸಂಘ ವರ್ಷಗಟ್ಟಲೆ ಒತ್ತಾಯಿಸಿದ ಮೇಲೆ 2018ರಲ್ಲಿ ಕೇಂದ್ರ ಸರ್ಕಾರ ಹದಿನಾಲ್ಕು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿ ಕಡ್ಡಾಯವಿರುವ ಪಟ್ಟಿಗೆ ಸೇರಿಸಿತು. ಆದರೂ ಹೆಸರು ಹೇಳಿ ಕೇಳಿದರೆ ಟ್ಯೂಬ್ ಕೈಗೆ ಬರುವ ಅಂಗಡಿಗಳು ಇನ್ನೂ ಎಷ್ಟೋ ಇವೆ. ಬಹುಕಾಲ ಹಚ್ಚಿದವರು ಒಮ್ಮೆಲೇ ಬಿಟ್ಟರೆ ಮೊದಲ ಕೆಲವು ವಾರ ಮುಖ ಮೊದಲಿಗಿಂತ ಕೆಂಪಾಗಿ ಉರಿದು, ಸಹಿಸಲಾಗದೆ ಮತ್ತೆ ಅದೇ ಟ್ಯೂಬಿಗೆ ಮರಳುತ್ತಾರೆ. ಆ ವಾರಗಳನ್ನು ಟ್ಯಾಕ್ರೊಲಿಮಸ್ ಮುಲಾಮು, ತಣ್ಣನೆಯ ಬಟ್ಟೆ, ಬಿಸಿಲಿನಿಂದ ರಕ್ಷಣೆ ಇವುಗಳ ನೆರವಿನಿಂದ ದಾಟಿಸಬಹುದು. ಚರ್ಮ ತನ್ನ ದಪ್ಪವನ್ನು ಮರಳಿ ಪಡೆಯಲು ಅದರ ನಂತರವೂ ತಿಂಗಳುಗಳು ಬೇಕಾಗುತ್ತವೆ.